ಗಿರಾಕಿ ನಿಂತಿರುವಾಗ

ನನ್ನ ಗಂಡನ ಎದುರಿಗೆ ಕೂತು ಒಂದೇ ಒಂದು ಊಟವನ್ನು ಮೊದಲ ತುತ್ತಿನಿಂದ ಮಜ್ಜಿಗೆ ಅನ್ನದವರೆಗೂ ಉಣ್ಣಬೇಕು ಎಂಬುದು ನನ್ನ ಬಹಳ ಹಳೆಯ ಆಸೆ. ಹೇಳಿದರೆ ಜನ ನಗುತ್ತಾರೆ. ನಮ್ಮದು ಊಟದ ಹೋಟೆಲು ಎಂದು ಗೊತ್ತಾದ ಮೇಲಂತೂ ಇನ್ನೂ ಜೋರಾಗಿ ನಗುತ್ತಾರೆ. ಊರಿಗೆಲ್ಲ ಎಲೆ ಹಾಕುವವರ ಮನೆಯಲ್ಲಿ ಗಂಡ ಹೆಂಡತಿ ಜೊತೆಗೆ ಉಣ್ಣುವುದಕ್ಕೆ ಏನು ಬರ ಬಂದಿದೆ ಎಂದು ಕೇಳುತ್ತಾರೆ. ನಮ್ಮಲ್ಲಿ ಬರ ಬಂದಿರುವುದು ಅನ್ನಕ್ಕಲ್ಲ, ಕೂರುವುದಕ್ಕೆ.

ನಂಜನಗೂಡಿನಲ್ಲಿ ದೇವಸ್ಥಾನದ ದಾರಿಗೆ ಸೇರುವ ಒಂದು ಅಡ್ಡಬೀದಿಯಲ್ಲಿ ನಮ್ಮ ಹೋಟೆಲಿದೆ. ಮುಂದೆ ಹೋಟೆಲು, ಹಿಂದೆ ಮನೆ, ನಡುವೆ ಅಡುಗೆಮನೆ. ಕಪಿಲೆಯಲ್ಲಿ ಮುಳುಗೆದ್ದು, ಮುಡಿ ಕೊಟ್ಟು, ದರ್ಶನ ಮುಗಿಸಿ ಬರುವವರ ಹಸಿವು ಎಂಥದೆಂದು ಅವರಿಗೆ ಬಡಿಸಿದವರಿಗೇ ಗೊತ್ತು. ಸೋಮವಾರ, ಹುಣ್ಣಿಮೆ, ಅಮಾವಾಸ್ಯೆ ಬಂದರೆ ಬೋಳುತಲೆಗೆ ಗಂಧ ಹಚ್ಚಿಕೊಂಡವರು ನಮ್ಮ ಬಾಗಿಲಿನಿಂದ ಬೀದಿಯವರೆಗೂ ನಿಂತಿರುತ್ತಾರೆ. ಹೋಟೆಲು ಶುರು ಮಾಡಿದ ನನ್ನ ಮಾವ ಒಂದು ಕಟ್ಟಳೆ ಮಾಡಿಟ್ಟಿದ್ದರು. ಗಿರಾಕಿ ನಿಂತಿರುವಾಗ ಮನೆಯವರು ಕೂರಬಾರದು. ಮಾವ ತೀರಿಕೊಂಡು ಎಷ್ಟೋ ಕಾಲವಾಯಿತು, ಕಟ್ಟಳೆ ಮಾತ್ರ ಇನ್ನೂ ಗಟ್ಟಿಮುಟ್ಟಾಗಿದೆ. ಹಾಗಾಗಿ ನಮ್ಮ ಯಜಮಾನರು ಒಲೆಯ ಪಕ್ಕ ನಿಂತು ಎರಡು ತುತ್ತು ನುಂಗುತ್ತಾರೆ. ನಾನು ಪಾತ್ರೆ ಖಾಲಿಯಾದ ಮೇಲೆ ತಳದಲ್ಲಿ ಉಳಿದದ್ದನ್ನು ಉಣ್ಣುತ್ತೇನೆ. ಮಧ್ಯಾಹ್ನದ ಊಟ ಅನ್ನುವುದು ನಮಗೆ ಸಂಜೆಯ ಕಾಫಿಯ ಹೊತ್ತಿಗೆ.

ನಾನು ಹುಟ್ಟಿದ್ದು ಬಿಳಿಗೆರೆ ಕಡೆಯ ಒಕ್ಕಲುತನದ ಮನೆಯಲ್ಲಿ. ಅಲ್ಲಿ ಇದಕ್ಕಿಂತ ಬಡತನವಿತ್ತು, ಆದರೆ ನನ್ನ ಅಪ್ಪ ಅವ್ವ ಗದ್ದೆಯ ಬದುವಿನ ಮೇಲೆ ಎದುರುಬದುರು ಕೂತು ಉಣ್ಣುತ್ತಿದ್ದರು. ಅಪ್ಪ ಮುದ್ದೆ ಮುರಿಯುವುದು, ಅವ್ವ ಸೊಪ್ಪಿನ ಸಾರು ಬಿಡುವುದು, ಮಧ್ಯೆ ಯಾವುದೋ ದನದ ಮಾತು, ಯಾವುದೋ ನೆಂಟರ ಮಾತು. ಮದುವೆ ಅಂದರೆ ಇದೇ ಎಂದು ನಾನು ತಿಳಿದಿದ್ದೆ. ನನ್ನ ಮದುವೆಯಲ್ಲಿ ಭೂಮದೂಟಕ್ಕೆ ಕೂರಿಸಿದರು. ಗಂಡು ಹೆಣ್ಣನ್ನು ಮೊದಲ ಸಲ ಒಂದೇ ಎಲೆಗೆ ಕೂರಿಸಿ ಉಣ್ಣಿಸುವ ಶಾಸ್ತ್ರ ಅದು. ಒಬ್ಬಟ್ಟು ಮುಗಿದು ಅನ್ನ ಬರುವ ಹೊತ್ತಿಗೆ ಹಿಂದಿನಿಂದ ಯಾರೋ ಬಂದು ಮದುಮಗನ ಕಿವಿಯಲ್ಲಿ ಏನೋ ಹೇಳಿದರು, ಇವರು ಎದ್ದು ಹೋದರು. ನಾನು ಬಾಸಿಂಗ ಕಟ್ಟಿಕೊಂಡು ತಲೆ ತಗ್ಗಿಸಿದವಳು, ಯಾರೆಂದು ನೋಡಲಿಲ್ಲ. ಮಾವನಲ್ಲದೆ ಇನ್ಯಾರಿರುತ್ತಾರೆ ಎಂದು ಅಂದುಕೊಂಡೆ. ಎರಡು ಬಸ್ಸು ನೆಂಟರು ಒಟ್ಟಿಗೆ ಬಂದು ಬಡಿಸಲು ಕೈ ಸಾಲದಾಗಿತ್ತಂತೆ. ಇವರು ಮತ್ತೆ ಬರುವಷ್ಟರಲ್ಲಿ ಎಲೆ ಎತ್ತಿಯಾಗಿತ್ತು.

ಮದುವೆಯಾದವಳ ಸಿಟ್ಟು ಯಾರಿಗೆ ಬೇಕು? ನುಂಗಿಕೊಂಡೆ. ಆದರೆ ನುಂಗಿದ್ದೆಲ್ಲ ಜೀರ್ಣವಾಗುವುದಿಲ್ಲ.

ಈ ಬೇಸಿಗೆಯಲ್ಲಿ ನಮ್ಮ ಬೀದಿಯಲ್ಲಿ ಒಳಚರಂಡಿಯ ಕೆಲಸ ಶುರುವಾಯಿತು. ಹೋಟೆಲಿನ ಮೆಟ್ಟಿಲಿಗೇ ಗುಂಡಿ. ಹಲಗೆ ಹಾಕಿ ನಾವು ಒಳಗೆ ಹೊರಗೆ ಓಡಾಡಬಹುದಿತ್ತು, ಗಿರಾಕಿಗಳು ಬರುವಂತಿರಲಿಲ್ಲ. ಯಜಮಾನರು ಗುಂಡಿಯ ಅಂಚಿನಲ್ಲಿ ನಿಂತು ಕೆಲಸದವರಿಗೆ ಕಾಫಿ ಕೊಡುತ್ತಾ ‘ಯಾವಾಗ ಮುಚ್ತೀರಾ’ ಎಂದು ಕೇಳುತ್ತಿದ್ದರೆ, ನಾನು ಒಳಗೆ ನಂಜುಂಡನಿಗೆ ಕೈ ಮುಗಿಯುತ್ತಿದ್ದೆ. ನಿಧಾನವಾಗಿ ಮುಚ್ಚಲಿ ಸ್ವಾಮಿ ಎಂದು. ಮೈಸೂರಿನಲ್ಲಿ ಡಿಗ್ರಿ ಓದುತ್ತಿರುವ ಮಗಳು ರಜಕ್ಕೆ ಬಂದಿದ್ದಳು. ಅವಳು ಮೊಬೈಲಿನಲ್ಲಿ ನೋಡಿ, ಟಿ. ನರಸೀಪುರದಾಚೆ ತಲಕಾಡಿನ ರಸ್ತೆಯಲ್ಲಿ ಹೊಸದಾಗಿ ಆಗಿರುವ ಒಂದು ವಸತಿ ಹೋಟೆಲಿನಲ್ಲಿ ರೂಮು ಹಿಡಿದುಬಿಟ್ಟಳು. ಎರಡು ದಿನ, ನಾಲ್ಕು ಜನ.

“ಅಲ್ಲ ಕಣವ್ವ, ನರ್ಸೀಪುರಕ್ಕೆ ಓಗಿ ಯಾರಾರ ರೂಮು ಮಾಡ್ತಾರಾ? ಬೆಳಗ್ಗೆ ಓದ್ರೆ ಸಂಜೀಕ್ ಬತ್ತೀವಿ,” ಎಂದರು ನನ್ನ ಅತ್ತೆ.

ಬೀದಿಯವರೂ ಅದನ್ನೇ ಹೇಳಿದರು. ಹಿತ್ತಲ ಗಿಡ ಮದ್ದಲ್ಲ, ಊಟಿಗೆ ಹೋಗಬಾರದೇ, ಮಡಿಕೇರಿಗೆ ಹೋಗಬಾರದೇ? ಮಗಳು ಜಾಣೆ. ಅಪ್ಪ ಒಪ್ಪಬೇಕಾದರೆ ಗುಂಡಿ ಮುಚ್ಚಿದರು ಎಂದು ಫೋನು ಬಂದ ಕೂಡಲೇ ಓಡಿ ಬರುವಷ್ಟು ಹತ್ತಿರದ ಊರೇ ಆಗಬೇಕು ಎಂದು ಅವಳಿಗೆ ಗೊತ್ತಿತ್ತು. ಇವರು ಒಪ್ಪಿದ್ದೂ ಆ ಧೈರ್ಯದ ಮೇಲೆಯೇ.

ಹೊರಡುವ ಬೆಳಿಗ್ಗೆ ಅತ್ತೆ ಒಲೆಯನ್ನು ಸಾರಿಸಿ, ಮೂರು ಬೆರಳಿನಲ್ಲಿ ವಿಭೂತಿ ಎಳೆದು, ‘ಬತ್ತೀವಿ ಕಣಪ್ಪಾ’ ಎಂದು ಅದಕ್ಕೆ ಹೇಳಿ ಬಂದರು. ಆಮೇಲೆ ತಮ್ಮ ಗಂಟು ಕಟ್ಟಿದರು. ಜಮಖಾನ, ಪೂಜೆಯ ಸಾಮಾನು, ಚಟ್ನಿಪುಡಿ, ಚಕ್ಕುಲಿ, ಕುಡಿಯುವುದಕ್ಕೆ ಮನೆಯ ನೀರು. ಯಜಮಾನರು ಮಗಳು ತಂದುಕೊಟ್ಟ ಹೊಸ ಟೀ ಶರ್ಟು ಹಾಕಿಕೊಂಡು ಹೊರಬಂದರು. ನೋಡಲು ಚೆನ್ನಾಗಿಯೇ ಇದ್ದರು. ಎಡ ಹೆಗಲ ಮೇಲೆ ಮಾತ್ರ ಎಂದಿನ ಚೌಕಳಿ ಟವಲು. ಬಿಸಿ ಪಾತ್ರೆ ಇಳಿಸುವುದಕ್ಕೂ ಟೇಬಲ್ಲು ಒರೆಸುವುದಕ್ಕೂ ಬೆವರು ಒರೆಸುವುದಕ್ಕೂ ಅದೇ. ನಾನು ಎಳೆದು ಕುರ್ಚಿಯ ಮೇಲೆ ಎಸೆದೆ. ಕಾರು ಹತ್ತುವಾಗ ನೋಡಿದರೆ ಹೆಗಲ ಮೇಲೆ ಇನ್ನೊಂದು ಟವಲು.

“ಇದ್ಯಾಕ್ರೀ?”

“ಎಗ್ಲು ಬರೀ ಇದ್ರೆ ಒಂತರಾ ಆಯ್ತದೆ ಕಣೆ,” ಎಂದರು.

ಹುಟ್ಟುಗುಣ ಸುಟ್ಟರೂ ಹೋಗದು. ಇರಲಿ ಎಂದು ಬಿಟ್ಟೆ. ಆಗ ಬಿಟ್ಟದ್ದೇ ತಪ್ಪಾಯಿತು.

ಹೋಟೆಲು ಮೂರಂತಸ್ತಿನ ಹೊಸ ಕಟ್ಟಡ. ಹಿಂದೆ ನಾಲೆ, ನಾಲೆಯಾಚೆ ಭತ್ತದ ಗದ್ದೆ, ಅದರಾಚೆ ತೆಂಗು. ಸುಣ್ಣಬಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ. ಕೌಂಟರಿನಲ್ಲಿದ್ದ ಮ್ಯಾನೇಜರು ನಮ್ಮ ಆಧಾರ್ ಕಾರ್ಡು ನೋಡಿ, “ನಂಜನಗೂಡಾ?” ಎಂದು ಮತ್ತೊಮ್ಮೆ ನಮ್ಮ ಮುಖ ನೋಡಿದ. ಇಷ್ಟು ಹತ್ತಿರದಿಂದ ಬಂದು ರೂಮು ಮಾಡಿದವರನ್ನು ಅವನು ಕಂಡಿರಲಿಲ್ಲವೋ ಏನೋ.

ರೂಮಿನ ಕೀ ಎಂದರೆ ಒಂದು ಕಾರ್ಡು. ಬಾಗಿಲ ಪಕ್ಕದ ಸೀಳಿನಲ್ಲಿ ಅದನ್ನು ಸಿಕ್ಕಿಸಿದರೆ ದೀಪ, ಫ್ಯಾನು, ಏಸಿ ಎಲ್ಲಾ ಹೊತ್ತಿಕೊಳ್ಳುತ್ತವೆ. ಮಗಳು ಸಿಕ್ಕಿಸಿದಳು, ದೀಪ ಬಂತು. ಅತ್ತೆ ಸ್ನಾನಕ್ಕೆ ಒಳಗೆ ಹೋದರು. ಯಜಮಾನರು ಬಂದವರೇ, ಕೀ ಬಾಗಿಲಲ್ಲೇ ಬಿಟ್ಟಿದ್ದೀರಲ್ಲ ಎಂದು ಅದನ್ನು ಕಿತ್ತು ಜೇಬಿಗೆ ಹಾಕಿಕೊಂಡರು. ರೂಮೆಲ್ಲ ಕತ್ತಲೆ. ಬಚ್ಚಲಿನಿಂದ ಅತ್ತೆಯ ದನಿ ಬಂತು.

“ಇಲ್ಲೂ ಕರೆಂಟು ತಗದ್ರಾ? ಇದ್ಕೆ ಇಷ್ಟು ದೂರ ಬಂದ್ವಾ?”

ನಾನೂ ಮಗಳೂ ಹಾಸಿಗೆಯ ಮೇಲೆ ಬಿದ್ದು ನಕ್ಕೆವು. ಹಾಗೆ ಬಿದ್ದವಳು ನಾನು ಏಳಲಿಲ್ಲ. ಹಾಸಿಗೆ ಅಷ್ಟು ಮೆತ್ತಗಿತ್ತು, ಹೊದಿಕೆ ಅಷ್ಟು ಬೆಳ್ಳಗಿತ್ತು. ಬೆಳಿಗ್ಗೆ ಹನ್ನೊಂದು ಗಂಟೆಗೆ, ನಮ್ಮಲ್ಲಿ ಅನ್ನದ ನೀರು ಕುದಿಯುವ ಹೊತ್ತಿಗೆ, ನಾನು ಮಲಗಿ ಚಾವಣಿ ನೋಡುತ್ತಿದ್ದೆ. ಎಷ್ಟು ಸಂತೋಷವಾಯಿತೆಂದರೆ ಯಾರಾದರೂ ಎಬ್ಬಿಸಿಬಿಡುತ್ತಾರೆ ಎಂದು ಕಣ್ಣು ಮುಚ್ಚಿಕೊಂಡೆ.

ಅತ್ತೆ ಸ್ನಾನ ಮುಗಿಸಿ ಬಂದು ಹಾಸಿಗೆಯನ್ನು ಒಮ್ಮೆ ಒತ್ತಿ ನೋಡಿ, ‘ಇದ್ರಲ್ಲಿ ಮಲಗುದ್ರೆ ಮುಳುಗೋಯ್ತೀನಿ’ ಎಂದು ನೆಲದ ಮೇಲೆ ತಮ್ಮ ಜಮಖಾನ ಹಾಸಿದರು. ಮೂಡಲು ಯಾವುದೆಂದು ಮಗಳ ಫೋನಿನಲ್ಲಿ ನೋಡಿಸಿ, ಕಿಟಕಿಯ ಕಡೆ ಮುಖ ಮಾಡಿ ಕೂತು, ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಪೂಜೆ ಮಾಡಿದರು. ಮನೆಯಲ್ಲಾದರೆ ಪೂಜೆಯ ನಡುವೆ ಅಡುಗೆಮನೆಯ ಕಡೆ ಕಿವಿ ಇರುತ್ತದೆ. ಅಂದು ಅವರು ಬಹಳ ಹೊತ್ತು ಕೂತಿದ್ದರು. ನಾಲೆಯ ನೀರಿನ ಸದ್ದು ಕೇಳುತ್ತಿತ್ತು.

ಅಷ್ಟರಲ್ಲಿ ರೂಮು ನೋಡಿಕೊಳ್ಳುವ ಹೆಂಗಸು ಟವಲು, ಸೋಪು ತಂದಳು. ತಲಕಾಡಿನ ಕಡೆಯವಳಂತೆ. ಅತ್ತೆ ಪೂಜೆ ಮುಗಿಸಿದ್ದರು. ಅವಳು ಬಾಗಿಲಲ್ಲಿ ನಿಂತಿದ್ದು ಅವರಿಗೆ ಸಹಿಸಲಾಗಲಿಲ್ಲ.

“ಬಾರವ್ವ, ಕೂತ್ಕ. ಎಷ್ಟೊತ್ತಿಂದ ನಿಂತಿದ್ದೀಯೋ.”

“ಕೂರಂಗಿಲ್ಲ ಕಣವ್ವ, ಮ್ಯಾನೇಜ್ರು ಬೋಯ್ತಾರೆ.”

“ಬೋಯ್ದ್ರೆ ನಂಗೇಳು,” ಎಂದು ಅತ್ತೆ ಅವಳ ಕೈಗೆ ಚಕ್ಕುಲಿ ಕೊಟ್ಟರು. ಅವಳು ಕೂರದೆ, ನಗುತ್ತಾ, ಸೆರಗಿನಲ್ಲಿ ಕಟ್ಟಿಕೊಂಡು ಹೋದಳು. ಯಜಮಾನರು ಆ ಹೊತ್ತಿಗಾಗಲೇ ನಲ್ಲಿಗಳನ್ನೆಲ್ಲ ತಿರುಗಿಸಿ ನೋಡಿ, ಕಿಟಕಿಯಿಂದ ಬಗ್ಗಿ ಅಡುಗೆಮನೆಯ ಹೊಗೆ ಎಲ್ಲಿಂದ ಹೋಗುತ್ತದೆಂದು ಕಂಡುಹಿಡಿದಿದ್ದರು.

“ಸಾರಿಗೆ ಒಗ್ಗರಣೆ ಆಕವ್ರೆ. ಇಂಗು ಜಾಸ್ತಿಯಾಗದೆ,” ಎಂದರು.

“ರೀ,” ಎಂದೆ ನಾನು, ಎದ್ದು ಕೂತು. “ಇವತ್ತು ನೀವು ನನ್ನ ಎದುರಿಗೆ ಕೂತು ಉಣ್ಣಬೇಕು. ಮಧ್ಯೆ ಏಳಬಾರದು. ಇಷ್ಟಕ್ಕೇ ನಾನು ಬಂದಿರೋದು. ತಲಕಾಡಿನ ಮರಳು ನೋಡದಿದ್ರೂ ಪರವಾಗಿಲ್ಲ.”

“ಕೂತ್ಕತೀನಿ ಕಣೆ. ಇಲ್ಲಿ ನಂಗೇನು ಕೆಲ್ಸ?” ಎಂದು ಅವರೂ ನಕ್ಕರು.

ಕೆಳಗಿನ ಊಟದ ಹಾಲಿಗೆ ನಾವು ಹೋದಾಗ ಅರ್ಧ ಖಾಲಿ ಇತ್ತು. ಕಿಟಕಿಯ ಪಕ್ಕದ ಟೇಬಲ್ಲು ಹಿಡಿದೆವು. ತಟ್ಟೆಯಲ್ಲಿ ಬಾಳೆಎಲೆ ಕತ್ತರಿಸಿ ಹಾಸಿ, ಪಲ್ಯ, ಕೋಸಂಬರಿ, ಹಪ್ಪಳ ಇಟ್ಟರು. ಅನ್ನ ಬಂತು. ನಾನು ಕಲಸಿ ಮೊದಲ ತುತ್ತು ಎತ್ತಿದೆ. ಇವರೂ ಎತ್ತಿದರು. ಬಿಸಿ ಅನ್ನ ಬಿಸಿಯಾಗಿಯೇ ಬಾಯಿಗೆ ಹೋದರೆ ಹೇಗಿರುತ್ತದೆಂದು ನನಗೆ ಮರೆತೇ ಹೋಗಿತ್ತು.

ಆಗ ಹೊರಗೆ ಒಂದು ಟಿಟಿ ಗಾಡಿ ನಿಂತಿತು. ತಲಕಾಡು ನೋಡಿಕೊಂಡು ಬಂದವರು. ಕಾಲಿಗೆಲ್ಲ ಮರಳು, ಮುಖಕ್ಕೆಲ್ಲ ಬಿಸಿಲು. ಒಟ್ಟಿಗೆ ಒಳಗೆ ನುಗ್ಗಿ, ಎಲ್ಲಿ ಕೂರಬೇಕೆಂದು ತಿಳಿಯದೆ ಸಾಲಾಗಿ ನಿಂತರು. ಬಡಿಸುವವರು ಒಳಗೆ ಹೋಗಿದ್ದರು. ನಾನು ಇವರ ಮುಖ ನೋಡಿದೆ. ಇವರು ನನ್ನ ಮುಖ ನೋಡಲಿಲ್ಲ. ಕುರ್ಚಿ ಹಿಂದಕ್ಕೆ ಸರಿದ ಸದ್ದು ಕೇಳಿಸಿತು.

“ಬನ್ನಿ ಸಾ, ಇತ್ಲಾಗ್ ಬನ್ನಿ, ಜಾಗ ಐತೆ,” ಎಂದು ಇವರು ಎಡಗೈಯಲ್ಲಿ ಖಾಲಿ ಟೇಬಲ್ಲೊಂದರ ಮೇಲೆ ಟವಲು ಆಡಿಸಿದರು.

ಹೆಗಲ ಮೇಲೆ ಟವಲು, ಬಾಯಲ್ಲಿ ‘ಸಾ’. ಇನ್ನೇನು ಬೇಕು? ಗಾಡಿಯವರಲ್ಲೊಬ್ಬ, “ಅಣ್ಣಾ, ಎಲ್ರಿಗೂ ಊಟ. ಬೇಗ,” ಎಂದ. “ಈಗ ಬಂತು,” ಎಂದು ಇವರು ಕೈ ತೊಳೆದು ಅಡುಗೆಮನೆಗೆ ಹೋದರು. ಅಲ್ಲಿ ಬಡಿಸುವವನೊಬ್ಬ ಅಂದು ರಜ ಹಾಕಿದ್ದನಂತೆ. ಮಾಲೀಕರು ಯಾರನ್ನೋ ಕಳಿಸಿದ್ದಾರೆ ಎಂದು ಅಡುಗೆಯವನು ಇವರ ಕೈಗೆ ಸಾರಿನ ಬಕೆಟ್ಟು ಕೊಟ್ಟ. ಬೇರೆಯವರಾಗಿದ್ದರೆ ನಾನು ಗೆಸ್ಟಪ್ಪಾ ಎನ್ನುತ್ತಿದ್ದರು. ಇವರು ಬಕೆಟ್ಟು ಹಿಡಿದು, ಸೌಟು ಆಡಿಸಿ, ತಳದ ಬೇಳೆ ಮೇಲೆ ಬರುವಂತೆ ಕದಡಿ ಹೊರಟೇಬಿಟ್ಟರು.

ಮಗಳು ತಲೆ ತಗ್ಗಿಸಿ ಬೇಗ ಬೇಗ ಉಣ್ಣುತ್ತಿದ್ದಳು. ಅತ್ತೆ ಮಗನನ್ನು ನೋಡುತ್ತಿದ್ದರು. ನನ್ನ ಎದುರಿನ ಎಲೆಯಲ್ಲಿ ಕಲಸಿದ ಅನ್ನ ಆರುತ್ತಿತ್ತು. ಒಂದು ಸಾಲು ಮುಗಿಸಿ, ಇನ್ನೊಂದು ಸಾಲು ಮುಗಿಸಿ, ಅದೇ ಓಟದಲ್ಲಿ ಇವರು ನಮ್ಮ ಟೇಬಲ್ಲಿಗೂ ಬಂದರು. ನನ್ನ ಎಲೆಯ ಮೇಲೆ ಸೌಟು ಹಿಡಿದು, “ಸಾರು ಬಿಡ್ಲಾ?” ಎಂದು ಕೇಳಿದರು.

ನನ್ನನ್ನು! ಕಟ್ಟಿಕೊಂಡ ಹೆಂಡತಿಯನ್ನು!

“ಬೇಡ,” ಎಂದೆ. “ಬಿಲ್ ತನ್ನಿ.”

ಇವರು ಅಲ್ಲೇ ನಿಂತರು. ಸೌಟಿನಿಂದ ಸಾರು ತೊಟ್ಟಿಕ್ಕುತ್ತಿತ್ತು. ನಾನು ಎಲೆ ಮಡಿಸಿ ಎದ್ದು ಹೋದೆ. ಮೆಟ್ಟಿಲ ಹತ್ತಿರ ಮ್ಯಾನೇಜರು ಓಡಿ ಬಂದ.

“ಅಮ್ಮಾ, ಅವ್ರು ನಿಮ್ಮೋರಾ? ನಾವು ಓನರ್ ಕಳ್ಸವ್ರೆ ಅಂದ್ಕಂಡ್ವಿ. ತಪ್ಪಾಯ್ತು.”

“ತಪ್ಪು ನಿಮ್ಮದಲ್ಲಪ್ಪ. ಬೇಕಾದರೆ ಇಟ್ಟುಕೊಳ್ಳಿ,” ಎಂದು ಮೇಲೆ ಹೋದೆ.

ಇವರು ಹಿಂದೆಯೇ ಬಂದರು. ಅತ್ತೆ, ಮಗಳು ಕೂಡ ಬಂದರು. ನಾಲ್ಕು ಜನಕ್ಕೆ ಒಂದೇ ರೂಮು, ಜಗಳವಾಡಲು ಬೇರೆ ಜಾಗವಿಲ್ಲ. ಮಗಳು ಕಿವಿಗೆ ಹಾಡು ಸಿಕ್ಕಿಸಿಕೊಂಡು ಕಿಟಕಿಯ ಕಡೆ ತಿರುಗಿದಳು.

“ಅವ್ರು ನಿಂತಿದ್ರು ಕಣೆ,” ಎಂದರು ಇವರು. “ಅಸ್ದಿದ್ರು. ನಂಗೆ ಕೂತಿರಾಕೇ ಆಗ್ಲಿಲ್ಲ. ನಾನು ಏಳ್ಬೇಕು ಅಂತ ಎದ್ದಿದ್ದಲ್ಲ, ಕಾಲೇ ಎದ್ಬುಟ್ವು.”

“ನಿಮ್ಮ ಜೊತೆ ಒಂದು ಊಟಕ್ಕೆ ಕೂರಬೇಕಾದರೆ ನಾನೂ ಟಿಟಿ ಮಾಡಿಕೊಂಡು ಬರಬೇಕೇನು?” ಎಂದೆ. ಅಳು ಬಂತು. ಅಳು ಬಂದದ್ದಕ್ಕೆ ಇನ್ನಷ್ಟು ಸಿಟ್ಟು ಬಂತು. “ಭೂಮದೆಲೆಯಿಂದಲೇ ಎದ್ದು ಹೋದವರು ನೀವು. ಮಾವ ಕರೆದರು ಎಂದು ಹೋದಿರಿ. ಮಾವ ಹೋದ ಮೇಲಾದರೂ ಕೂತಿರಾ?”

ಇವರು ತಾಯಿಯ ಕಡೆ ಒಮ್ಮೆ ನೋಡಿದರು. ಅತ್ತೆ ಜಮಖಾನದ ಮೇಲೆ ಕೂತು ಸೀರೆ ಮಡಿಸುತ್ತಿದ್ದರು. ಅವರ ಕೈ ಒಂದು ಗಳಿಗೆ ನಿಂತಿತು, ಮತ್ತೆ ಮಡಿಸತೊಡಗಿತು. ಅವರು ಮಗನ ಪರ ಮಾತಾಡುತ್ತಾರೆ ಎಂದು ನಾನು ಕಾದಿದ್ದೆ. ಅವರು ಮಡಿಸಿದ ಸೀರೆಯನ್ನು ಬಿಚ್ಚಿ ಮತ್ತೆ ಮಡಿಸಿದರು.

ಸಿಟ್ಟಿನಲ್ಲೇ ನಿದ್ದೆ ಬಂತು. ಎದ್ದಾಗ ಬಿಸಿಲು ಇಳಿದಿತ್ತು. ಮಗಳು ಕೆಟಲಿನಲ್ಲಿ ನೀರು ಕಾಯಿಸಿ ಕಾಫಿ ಮಾಡಿಕೊಟ್ಟಳು. ಪುಡಿ ಹಾಲಿನ ಕಾಫಿ, ಕುಡಿಯಲಾಗದು, ಆದರೂ ಕುಡಿದೆ. ಬೇರೆಯವರು ಮಾಡಿಕೊಟ್ಟ ಕಾಫಿಗೆ ರುಚಿ ಕೇಳಬಾರದು. ಆಮೇಲೆ ನಾಲ್ವರೂ ಸಂಗಮಕ್ಕೆ ಹೋದೆವು.

ನಮ್ಮ ಊರಿನ ಕಪಿಲೆ ನರಸೀಪುರದಲ್ಲಿ ಕಾವೇರಿಗೆ ಸೇರುತ್ತದೆ. ನಮ್ಮ ಬಚ್ಚಲಿನ ಹಿಂದೆ ಹರಿದ ನೀರು ನಮಗಿಂತ ಮೊದಲೇ ಹೊರಟು ಇಲ್ಲಿಗೆ ಬಂದಿರುತ್ತದೆ ಎಂದು ಮಗಳು ಹೇಳಿದಳು. ಬೇಸಿಗೆಯಾದ್ದರಿಂದ ನೀರು ಕಡಿಮೆ ಇತ್ತು, ಮೆಟ್ಟಿಲ ಬುಡದಲ್ಲಿ ತಿಳಿಯಾಗಿ ನಿಂತಿತ್ತು. ಅತ್ತೆ ತಲೆಗೆ ಪ್ರೋಕ್ಷಿಸಿಕೊಂಡು ಮೇಲಿನ ಮೆಟ್ಟಿಲಲ್ಲಿ ಕೂತರು. ಇವರು ಪ್ಯಾಂಟು ಮಡಿಸಿ ನೀರಿನಲ್ಲಿ ಕಾಲು ಇಳಿಬಿಟ್ಟುಕೊಂಡು ನನ್ನ ಪಕ್ಕ ಕೂತರು. ಅವರ ಪಾದಗಳನ್ನು ನಾನು ನೋಡಿ ಎಷ್ಟು ದಿನವಾಗಿತ್ತೋ. ನಿಂತು ನಿಂತು ನರಗಳೆಲ್ಲ ಗಂಟುಕಟ್ಟಿ ನೀಲಿಯಾಗಿದ್ದವು. ಸಿಟ್ಟು ಇನ್ನೂ ಇತ್ತು, ಆದರೆ ಅದರ ಪಕ್ಕದಲ್ಲಿ ಸಂಕಟವೂ ಬಂದು ಕೂತಿತು.

“ರಾತ್ರಿ ಕೂತ್ಕತೀನಿ,” ಎಂದರು. “ಟೇಬಲ್ ಇಡ್ಕಂಡು ಕೂತ್ಕತೀನಿ. ನಂಜುಂಡನಾಣೆ.”

“ಆಣೆ ಗೀಣೆ ಬೇಡ. ಟವಲು ತೆಗೆದಿಡಿ ಸಾಕು.”

“ಅದು ಇರ್ಲಿ ಕಣೆ,” ಎಂದು ಅದನ್ನು ಹೆಗಲ ಮೇಲೆ ಸರಿಮಾಡಿಕೊಂಡರು. ನನಗೆ ನಗು ಬಂತು.

ದೀಪ ಹಚ್ಚಿದ ಸ್ವಲ್ಪ ಹೊತ್ತಿಗೇ ಊಟಕ್ಕೆ ಇಳಿದೆವು. ಬೇಗ ಹೋದರೆ ಜನವಿರುವುದಿಲ್ಲ ಎಂಬುದು ನನ್ನ ಲೆಕ್ಕಾಚಾರ. ದೇವರು ವರ ಕೊಟ್ಟರೂ ಪೂಜಾರಿ ವರ ಕೊಡ ಎನ್ನುತ್ತಾರಲ್ಲ, ಹಾಗಾಯಿತು. ಯಾವುದೋ ನಿಶ್ಚಿತಾರ್ಥ ಮುಗಿಸಿ ಬಂದ ಎರಡು ಗಾಡಿ ಜನ ಊಟದ ಹಾಲ್ ತುಂಬಾ ಸೇರಿಕೊಂಡಿದ್ದರು. ಮಧ್ಯಾಹ್ನದ ಉಪಕಾರಕ್ಕೆಂದು ಮ್ಯಾನೇಜರು ಅದೇ ಕಿಟಕಿಯ ಟೇಬಲ್ಲನ್ನು ನಮಗಾಗಿ ಹಿಡಿದಿಟ್ಟಿದ್ದ. ಒಂದು ಬದಿಗೆ ನಾನು, ಮಗಳು. ಎದುರಿಗೆ ಇವರು, ಅತ್ತೆ. ಅಡುಗೆಯವನು ಹೊರಗೆ ಬಂದು, ‘ಸಾ, ಮಧ್ಯಾಹ್ನ ಮಾನ ಉಳ್ಸುದ್ರಿ’ ಎಂದು ಇವರಿಗೆ ಕೈ ಮುಗಿದು ನಮ್ಮ ಎಲೆಗಳಿಗೆ ಶಾವಿಗೆ ಪಾಯಸ ತಾನೇ ಬಡಿಸಿದ.

ಪಾಯಸ ಮುಗಿಯಿತು. ಅನ್ನ ಬಂತು, ಹುಳಿ ಬಂತು. ಇವರು ಹೇಳಿದ ಹಾಗೆಯೇ ಎಡಗೈಯಲ್ಲಿ ಟೇಬಲ್ಲಿನ ಅಂಚು ಹಿಡಿದುಕೊಂಡಿದ್ದರು. ಹುಳಿಗೆ ಹುಣಸೆ ಮುಂದಾಗಿದೆ ಎಂದರು. ನಮ್ಮ ಹುಳಿಯೇ ವಾಸಿ ಎಂದೆ. ಬಾಗಿಲ ಬಳಿಯ ಗುಂಡಿಯ ಮಾತು ಬಂತು, ಮಗಳ ಹಾಸ್ಟೆಲಿನ ಮಾತು ಬಂತು. ಬದುವಿನ ಮೇಲೆ ನನ್ನ ಅಪ್ಪ ಅವ್ವ ಆಡುತ್ತಿದ್ದದ್ದೂ ಇಂಥದೇ ಮಾತು.

ಆಗ ನಮ್ಮ ಬೆನ್ನ ಹಿಂದೆ ಬಂದು ನಿಂತರು. ಒಬ್ಬರು ವಯಸ್ಸಾದ ಅಜ್ಜಿ, ಜೊತೆಗೆ ಮಗುವನ್ನು ಎತ್ತಿಕೊಂಡ ಸೊಸೆ, ಮಗ. ಜಾಗ ಖಾಲಿಯಾಗಲೆಂದು ಕಾಯುವವರು ಉಣ್ಣುವವರ ಕುರ್ಚಿಯ ಹಿಂದೆಯೇ ನಿಲ್ಲುವುದು ನಮ್ಮ ಕಡೆಯ ರೂಢಿ, ಅದರಲ್ಲಿ ತಪ್ಪೇನಿಲ್ಲ. ಮಗು ಹಸಿವಿಗೆ ಅಳುತ್ತಿತ್ತು. ಇವರ ಕಿವಿ ಕೆಂಪಾಯಿತು. ಟೇಬಲ್ಲಿನ ಅಂಚು ಹಿಡಿದ ಬೆರಳುಗಳು ಬಿಗಿದುಕೊಂಡವು. ಆದರೆ ಏಳಲಿಲ್ಲ. ಕಣ್ಣು ನನ್ನ ಮೇಲಿಟ್ಟು ಇನ್ನೊಂದು ತುತ್ತು ಬಾಯಿಗಿಟ್ಟುಕೊಂಡರು.

ಎದ್ದವಳು ನಾನು.

ನನಗೇ ಗೊತ್ತಾಗಲಿಲ್ಲ. ಮಗು ಅತ್ತಿತು, ಹಿಂದೆ ಅಜ್ಜಿ ಉಸ್ಸೆಂದರು, ನನ್ನ ಕಾಲು ನೆಟ್ಟಗಾದವು. ಅರ್ಧ ಉಂಡ ಎಲೆಯ ಮುಂದೆ ಎಂಜಲು ಕೈ ಹಿಡಿದುಕೊಂಡು ನಿಂತು ಎದುರಿಗೆ ನೋಡಿದರೆ ನನ್ನ ಗಂಡ ಕೂತಿದ್ದಾರೆ! ಇವರ ಕಾಲೇ ಎದ್ದವು ಎಂಬ ಮಾತು ನೆಪವಲ್ಲ ಎಂದು ಆಗ ತಿಳಿಯಿತು. ಈ ಮನೆಯ ಕಟ್ಟಳೆ ನನ್ನ ಕಾಲಿಗೂ ಇಳಿದಿತ್ತು. ನಾಚಿಕೆಯಾಯಿತು, ದುಃಖವೂ ಆಯಿತು.

“ಕೂತ್ಕ,” ಎಂದರು ಅತ್ತೆ.

ನಾನು ಅವರನ್ನು ನೋಡಿದೆ. ಅವರ ಎಲೆಯಲ್ಲಿ ಹುಳಿ ಕಲಸಿದ ಅನ್ನ ಹಾಗೆಯೇ ಇತ್ತು.

“ಕೂತ್ಕ ಅಂದೆ ಕಣಮ್ಮಿ.” ಅತ್ತೆ ಎದ್ದರು. ಎಡಗೈ ಚಾಚಿ ಮಗನ ಹೆಗಲ ಮೇಲಿದ್ದ ಟವಲನ್ನು ಎಳೆದುಕೊಂಡು ತಮ್ಮ ಹೆಗಲಿಗೆ ಹಾಕಿಕೊಂಡರು. “ಅವತ್ತು ಭೂಮದಲ್ಲಿ ಇವನ ಕಿವೀಲಿ ಊದಿದ್ದು ನಿಮ್ಮಾವ ಅಲ್ಲ. ನಾನು. ಜನ ನಿಂತವ್ರೆ, ಎದ್ದೇಳ್ಲಾ ಅಂದೆ. ನಿಮ್ಮಾವ ಆಮೇಲೆ ನಂಗೆ ಬೋಯ್ದ್ರು, ಅದೊಂದು ಎಲೆ ಉಣ್ಣಾಕ್ ಬುಡಬಾರ್ದಾಗಿತ್ತಾ ಅಂತ. ಅವತ್ತು ಎಬ್ಬಿಸ್ಬುಟ್ಟೆ. ಇವತ್ತು ನಾನಿವ್ನಿ. ನೀವು ಉಣ್ಣಿ.”

ಮಗಳು ಎಡಗೈಯಲ್ಲಿ ನನ್ನ ಸೆರಗು ಹಿಡಿದು ಜಗ್ಗಿದಳು. ನಾನು ಕೂತೆ. ಇವರು ತಾಯಿಯ ಕಡೆ ತಿರುಗಿ, “ಅವ್ವಾ, ನೀನು ಉಣ್ಲಿಲ್ವಲ್ಲ,” ಎಂದರು. ಅತ್ತೆ ತಮ್ಮ ಎಲೆ ಮಡಿಸಿ ಸರಿಸಿ, ಟೇಬಲ್ಲಿನ ಆ ಭಾಗವನ್ನು ಟವಲಿನಿಂದ ಒರೆಸಿ, ತಮ್ಮ ಕುರ್ಚಿಯಲ್ಲಿ ಆ ಅಜ್ಜಿಯನ್ನು ಕೂರಿಸಿದರು. “ಕೂತ್ಕಳವ್ವ, ಇವ್ರು ನಮ್ಮೋರೆ. ಮೊಗೀಗೆ ಮೊದ್ಲು ಒಸಿ ಅನ್ನ ಇಸ್ಕೊಡ್ತೀನಿ,” ಎಂದು ಅಡುಗೆಮನೆಯ ಕಡೆ ಹೊರಟರು. ಮ್ಯಾನೇಜರು ಗಾಬರಿಯಿಂದ ಓಡಿಬಂದು ಟವಲನ್ನೂ ಅವರನ್ನೂ ನೋಡಿ, ದಾರಿ ಬಿಟ್ಟ.

 ಇಷ್ಟು ವರ್ಷ ನನ್ನ ಸಿಟ್ಟನ್ನೆಲ್ಲ ಗೋಡೆಯ ಮೇಲಿನ ಮಾವನ ಫೋಟೋಕ್ಕೆ ಹಾಕಿದ್ದೆ. ಅತ್ತೆಯ ಮೇಲೆ ಈಗ ಸಿಟ್ಟು ಮಾಡಿಕೊಳ್ಳೋಣವೆಂದರೆ ಬರಲಿಲ್ಲ. ಅವರು ಊಟದ ಹಾಲಿನ ನಡುವೆ ನೀರಿನ ಜಗ್ಗು ಹಿಡಿದು, ನಿಂತವರಿಗೆಲ್ಲ ‘ಈಗ ಆಯ್ತದೆ, ಇನ್ನೇನ್ ಆಯ್ತದೆ’ ಎನ್ನುತ್ತಾ ಓಡಾಡುತ್ತಿದ್ದರು. ನಮ್ಮ ಟೇಬಲ್ಲಿನ ಹತ್ತಿರ ಯಾರೂ ಬಂದು ನಿಲ್ಲದಂತೆ ಅಡ್ಡವಾಗಿಯೇ ಓಡಾಡುತ್ತಿದ್ದರು.

ಪಕ್ಕದಲ್ಲಿ ಕೂತ ಅಜ್ಜಿ ಇವರನ್ನು, “ಯಾವೂರಪ್ಪ?” ಎಂದು ಕೇಳಿದರು.

“ನಂಜನಗೂಡು.”

“ಓ, ಅಲ್ಲಿ ದೇವಸ್ಥಾನದ ತಾವು ಒಂದು ಓಟ್ಲದೆ. ಚೆಂದಾಗಿ ಇಕ್ತಾರೆ.”

ಇವರು ನನ್ನ ಕಡೆ ನೋಡಿದರು. ಅದು ನಮ್ಮದು ಎಂದು ಹೇಳಲು ಬಾಯಿ ತೆರೆದವರು ಹಾಗೆಯೇ ಮುಚ್ಚಿಕೊಂಡು, “ಔದಾ?” ಎಂದರು. ಬರೀ ಹೆಗಲನ್ನು ಒಮ್ಮೆ ಮುಟ್ಟಿ ನೋಡಿಕೊಂಡು ಅನ್ನ ಕಲಸಿದರು.

ಸಾರು ಬಂತು. ಸಾರಿನ ಮೇಲೆ ಇನ್ನೊಂದು ಸುತ್ತು ಪಲ್ಯ ಬಂತು. ಮಜ್ಜಿಗೆಯನ್ನು ಮಾತ್ರ ಅತ್ತೆಯೇ ತಂದರು. ಇವರ ಅನ್ನಕ್ಕೆ ಬಿಟ್ಟರು, ನನ್ನ ಅನ್ನಕ್ಕೆ ಬಿಟ್ಟರು, ಉಪ್ಪು ಬೇಕೇ ಎಂದು ಕೇಳಿದರು. ಬೇಡ ಎಂದೆ. ನಾವಿಬ್ಬರೂ ಕೂತು ಉಂಡೆವು.